ಸೇನೆಗೆ ಹೊಸ ರೈಫಲ್ ಆರಿಸುವುದು ಇಷ್ಟು ಕಷ್ಟವೇಕೆ?

ಪ್ರಶ್ನೆ: ನನ್ನ ಮಗ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ತರಬೇತಿ ಮುಗಿಸಿ ಈಗ ಗಡಿಯಲ್ಲಿದ್ದಾನೆ. ತರಬೇತಿಯಲ್ಲಿ ಇನ್ಸಾಸ್ ಹಿಡಿದಿದ್ದವನ ಕೈಯಲ್ಲಿ ಈಗ ಬೇರೆ ರೈಫಲ್ ಇದೆ. ಹೊಸ ರೈಫಲ್‌ಗಾಗಿ ಪರೀಕ್ಷೆ ನಡೆಯಿತು, ಟೆಂಡರ್ ರದ್ದಾಯಿತು ಎಂಬ ಸುದ್ದಿಯನ್ನು ಹತ್ತು ಹದಿನೈದು ವರ್ಷಗಳಿಂದ ಓದುತ್ತಲೇ ಇದ್ದೇನೆ. ಎಲ್ಲ ಕಂಪನಿಗಳ ರೈಫಲ್ ತರಿಸಿ, ಹೊಡೆದು ನೋಡಿ, ಚೆನ್ನಾಗಿರುವುದನ್ನು ಕೊಳ್ಳಲು ಇಷ್ಟು ವರ್ಷ ಏಕೆ ಬೇಕು? ಹಾಗೆ ಗೆದ್ದ ರೈಫಲ್ ನಿಜವಾಗಿಯೂ ಎಲ್ಲಕ್ಕಿಂತ ಒಳ್ಳೆಯದಾಗಿರುತ್ತದೆಯೇ?
– ಶಿಗ್ಗಾಂವಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಮೊದಲನೆಯದರ ಉತ್ತರವೂ ಅದರೊಳಗೇ ಇದೆ. ರೈಫಲ್ ಸ್ಪರ್ಧೆಯಲ್ಲಿ ಗೆಲ್ಲುವುದು ಸೇನೆ ಬರೆದುಕೊಟ್ಟ ಬೇಡಿಕೆಪಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಹೊಂದಿಕೊಂಡ ರೈಫಲ್. ಆ ಪಟ್ಟಿ ಸರಿಯಾಗಿದ್ದರೆ ಗೆದ್ದದ್ದು ಒಳ್ಳೆಯದಾಗಿರುತ್ತದೆ. ಪಟ್ಟಿಯೇ ತಪ್ಪಿದ್ದರೆ ಸಾಧಾರಣವಾದದ್ದು ಗೆಲ್ಲಬಹುದು, ಅಥವಾ ನಮ್ಮಲ್ಲಿ ಆದಂತೆ ಯಾವುದೂ ಗೆಲ್ಲದೆ ಹೋಗಬಹುದು. ನಮ್ಮ ಸೇನೆಯಲ್ಲಿ ಈ ಪಟ್ಟಿಗೆ ಜಿ.ಎಸ್.ಕ್ಯು.ಆರ್. ಎಂದು ಹೆಸರು, ಆಡುಮಾತಿನಲ್ಲಿ ಬರೀ ಕ್ಯು.ಆರ್. ನಾನು ಆರ್ಮರರ್ ಆಗಿ, ಎಂದರೆ ರೈಫಲ್, ಮೆಷಿನ್‌ಗನ್‌ಗಳನ್ನು ಬಿಚ್ಚಿ, ಅಳೆದು, ದುರಸ್ತಿ ಮಾಡುವ ಕಸುಬಿನವನಾಗಿ, ಸೇವೆಯ ಬಹುಭಾಗವನ್ನು ಕೋತ್‌ಗಳಲ್ಲಿ (ಆಯುಧ ಇಡುವ ಕೋಣೆ) ಮತ್ತು ಚಾಂದಮಾರಿಗಳಲ್ಲಿ (ಗುಂಡು ಹಾರಿಸುವ ಬಯಲು) ಕಳೆದು ಈಗ ಧಾರವಾಡದಲ್ಲಿ ನೆಲೆಸಿದ್ದೇನೆ. ಹಳೆಯ ಎಸ್‌ಎಲ್‌ಆರ್ ರೈಫಲ್ ಹೋಗಿ ಇನ್ಸಾಸ್ ಬಂದ ಕಾಲವನ್ನು ಕಣ್ಣಾರೆ ಕಂಡವನು. ಹೊಸ ರೈಫಲ್‌ನ ಹಣೆಬರಹದ ಮುಕ್ಕಾಲು ಪಾಲು ಮೊದಲ ಗುಂಡು ಹಾರುವುದಕ್ಕೂ ಮುಂಚೆ, ಕ್ಯು.ಆರ್. ಬರೆಯುವ ಮೇಜಿನ ಮೇಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಬಹಳ ಹಳೆಯ ಉದಾಹರಣೆಯೊಂದಿದೆ. 1892ರಲ್ಲಿ ಅಮೆರಿಕದ ಸೇನೆ ನ್ಯೂಯಾರ್ಕ್ ಬಳಿಯ ಗವರ್ನರ್ಸ್ ದ್ವೀಪದಲ್ಲಿ 50ಕ್ಕೂ ಹೆಚ್ಚು ರೈಫಲ್ ಮಾದರಿಗಳನ್ನು ಪರೀಕ್ಷಿಸಿತು. ಮೌಸರ್, ಲೀ, ಮಾನ್ಲಿಕರ್ ಮುಂತಾದ ಹೆಸರಾಂತ ಮಾದರಿಗಳೆಲ್ಲ ಅಲ್ಲಿದ್ದರೂ ಗೆದ್ದದ್ದು ನಾರ್ವೆಯ ಕ್ರ್ಯಾಗ್ ಯೋರ್ಗೆನ್‌ಸನ್. ಸೈನಿಕರು ಗುಂಡುಗಳನ್ನು ದುಂದು ಮಾಡುತ್ತಾರೆ ಎಂಬ ಭಯ ಆ ಕಾಲದ ಅಧಿಕಾರಿಗಳಲ್ಲಿ ಬಲವಾಗಿತ್ತು. ಆದ್ದರಿಂದ ಸಾಮಾನ್ಯವಾಗಿ ಒಂದೊಂದೇ ಕಾಡತೂಸು ತುಂಬಿ ಹೊಡೆಯಬೇಕು, ಮ್ಯಾಗಜಿನ್‌ನಲ್ಲಿ, ಎಂದರೆ ರೈಫಲ್‌ನ ಗುಂಡಿನ ಪೆಟ್ಟಿಗೆಯಲ್ಲಿ, ಇರುವುದು ಆಪತ್ಕಾಲಕ್ಕೆ ಮೀಸಲಿರಬೇಕು ಎಂಬ ಅಪೇಕ್ಷೆ ಅವರದಾಗಿತ್ತು. ಆ ಅಪೇಕ್ಷೆಗೆ ಕ್ರ್ಯಾಗ್ ಹೇಳಿ ಮಾಡಿಸಿದಂತಿತ್ತು. ವಿದೇಶಿ ರೈಫಲ್ ಗೆದ್ದಿತೆಂದು ಅಲ್ಲಿನ ಸಂಶೋಧಕರು ಗಲಾಟೆ ಮಾಡಿದ್ದರಿಂದ ಮರುವರ್ಷ ಸ್ವದೇಶಿ ಮಾದರಿಗಳಿಗಾಗಿಯೇ ಇನ್ನೊಂದು ಪರೀಕ್ಷೆ ನಡೆಯಿತು, ಅದರಲ್ಲಿಯೂ ಕ್ರ್ಯಾಗ್ ಅನ್ನು ಮೀರಿಸುವುದು ಸಿಗಲಿಲ್ಲ. ಮುಂದೆ 1898ರಲ್ಲಿ ಕ್ಯೂಬಾದಲ್ಲಿ ಅಮೆರಿಕದ ಸೈನಿಕರು ಸ್ಪೇನಿನ ಪಡೆಗಳನ್ನು ಎದುರಿಸಿದಾಗ, ಐದು ಕಾಡತೂಸುಗಳನ್ನು ಒಂದೇ ಕ್ಲಿಪ್ಪಿನಿಂದ ಒತ್ತಿ ತುಂಬುವ ಮೌಸರ್‌ನ ವೇಗ ಎಂಥದೆಂದು ಅವರಿಗೆ ಗೊತ್ತಾಯಿತು. 1903ರಲ್ಲಿ ಅಮೆರಿಕ ಕೈಗೆತ್ತಿಕೊಂಡ ಸ್ಪ್ರಿಂಗ್‌ಫೀಲ್ಡ್ ರೈಫಲ್‌ನಲ್ಲಿ ಮೌಸರ್‌ನ ಗುಣಗಳು ಎಷ್ಟಿದ್ದವೆಂದರೆ, ಅದಕ್ಕಾಗಿ ಮೌಸರ್ ಕಂಪನಿಗೆ ರಾಯಧನ ಕೊಡಬೇಕಾಯಿತು. ಹನ್ನೊಂದು ವರ್ಷ ಮೊದಲು ತಮ್ಮ ಅಂಗಳದಲ್ಲೇ ಸೋತು ಹೋಗಿದ್ದ ವಿನ್ಯಾಸ ಅದು.

ಈಗ ಪರೀಕ್ಷೆಯೆಂದರೆ ಏನು ಮಾಡುತ್ತಾರೆ ಎಂಬುದನ್ನು ಹೇಳುತ್ತೇನೆ. ಗುರಿ ಹೊಡೆಯುವುದು ಅದರ ಒಂದು ಸಣ್ಣ ಭಾಗ ಮಾತ್ರ. ಸಿಯಾಚಿನ್‌ನಲ್ಲಿ ಚಳಿಗಾಲದ ಉಷ್ಣಾಂಶ ಸೊನ್ನೆಗಿಂತ 40 ಡಿಗ್ರಿಗೂ ಕೆಳಗಿಳಿಯುತ್ತದೆ. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ದಾಖಲಾಗಿದೆ. ಒಂದೇ ರೈಫಲ್ ಎರಡೂ ಕಡೆ ಕೆಲಸ ಮಾಡಬೇಕು. ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ, ಕಾಡತೂಸನ್ನು ಒಳಗೆ ತಳ್ಳುವ ಬೋಲ್ಟ್ ನಿಧಾನವಾಗುತ್ತದೆ, ಪ್ಲಾಸ್ಟಿಕ್ ಪೆಡಸಾಗಿ ಒಡೆಯುತ್ತದೆ. ಬಿಸಿಲಿನಲ್ಲಿ ಮದ್ದಿನ ಒತ್ತಡ ಹೆಚ್ಚಿ, ಖಾಲಿ ಕೇಸು ಚೇಂಬರ್‌ನಿಂದ (ಬ್ಯಾರೆಲ್‌ನಲ್ಲಿ ಕಾಡತೂಸು ಕೂರುವ ಜಾಗ) ಹೊರಬರುವಾಗ ಕಚ್ಚಿಕೊಳ್ಳುತ್ತದೆ. ಇವುಗಳ ಜೊತೆಗೆ ದೂಳಿನ ಪೆಟ್ಟಿಗೆಯಲ್ಲಿಟ್ಟು ಹೊಡೆಯುವುದು, ಉಪ್ಪುನೀರಿನ ಮಂಜಿಗೆ ಒಡ್ಡುವುದು, ಎತ್ತರದಿಂದ ಗಟ್ಟಿ ನೆಲಕ್ಕೆ ಬೀಳಿಸುವುದು, ಕೆಸರಿನಲ್ಲಿ ಅದ್ದುವುದು, ಸಾವಿರಾರು ಗುಂಡು ಹಾರಿಸಿ ಸವೆತ ಅಳೆಯುವುದು ಇರುತ್ತವೆ. ಕೊನೆಗೆ ಕೈಗವಸು ತೊಟ್ಟ, ದಣಿದ, ಸಾಮಾನ್ಯ ಸೈನಿಕರ ಕೈಗೆ ಕೊಟ್ಟು ನೋಡಬೇಕು.

ಕೆಸರಿನ ಪರೀಕ್ಷೆಯ ಬಗ್ಗೆ ನಮ್ಮ ಭಾಗದವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗುತ್ತದೆ. ಮಳೆಗಾಲದಲ್ಲಿ ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣಿನ ಹೊಲದ ದಾರಿಯಲ್ಲಿ ಮೋಟಾರ್ ಸೈಕಲ್ ಓಡಿಸಿದವರಿಗೆ, ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಮಣ್ಣು ಮೆತ್ತಿಕೊಂಡು ಗಾಡಿ ನಿಂತಲ್ಲೇ ನಿಲ್ಲುವುದು ಗೊತ್ತು. ಅಲ್ಲಿ ಎಂಜಿನ್ನಿನ ತಪ್ಪೇನೂ ಇಲ್ಲ, ಸಂದಿಯೊಳಗೆ ಮಣ್ಣು ಹೋಗಲು ದಾರಿಯಿದ್ದದ್ದೇ ತಪ್ಪು. ರೈಫಲ್‌ನಲ್ಲಿಯೂ ಹೀಗೆಯೇ. ಎ.ಕೆ. ಮಾದರಿಯ ಭಾಗಗಳು ಸಡಿಲವಾಗಿರುವುದರಿಂದ ಒಳಗೆ ಸ್ವಲ್ಪ ಮರಳು, ದೂಳು ಸೇರಿದರೂ ಅದು ಓಡುತ್ತದೆ. ಆದರೆ ಅದರ ಸುರಕ್ಷಾ ಕೀಲಿಯನ್ನು ಕೆಳಗಿಳಿಸಿದಾಗ ಬದಿಯಲ್ಲಿ ಉದ್ದನೆಯ ಸಂದಿ ತೆರೆದುಕೊಳ್ಳುತ್ತದೆ, ಮೆತ್ತುವ ಕೆಸರು ಒಮ್ಮೆ ಒಳಗೆ ಹೋದರೆ ಅದೂ ನಿಲ್ಲುತ್ತದೆ. ಅಮೆರಿಕದ ಎಂ-16 ವಂಶದ ರೈಫಲ್‌ಗಳಲ್ಲಿ ಭಾಗಗಳು ಬಿಗಿಯಾಗಿದ್ದು, ಹೊರಗಿನ ಮುಚ್ಚಳ ಹಾಕಿಕೊಂಡರೆ ಕೆಸರು ಒಳಗೇ ಹೋಗುವುದಿಲ್ಲ. ಹೋದದ್ದೇ ಆದರೆ ತೊಂದರೆ ಹೆಚ್ಚು. ಆದ್ದರಿಂದ ಪರೀಕ್ಷೆಯ ಕೆಸರನ್ನು ತೆಳ್ಳಗೆ ಮಾಡುತ್ತೀರೋ ಮಂದವಾಗಿ ಮಾಡುತ್ತೀರೋ, ಮುಚ್ಚಳ ತೆರೆದು ಅದ್ದುತ್ತೀರೋ ಮುಚ್ಚಿ ಅದ್ದುತ್ತೀರೋ ಎಂಬುದರ ಮೇಲೆಯೇ ಗೆಲ್ಲುವವರು ಬದಲಾಗಬಹುದು. ಕೃಷಿ ವಿಶ್ವವಿದ್ಯಾಲಯದ ತಾಕಿನಲ್ಲಿ ಚೆನ್ನಾಗಿ ಬಂದ ತಳಿಯನ್ನು ಕೆಂಪು ನೆಲದಲ್ಲಿಯೂ ಎರೆ ನೆಲದಲ್ಲಿಯೂ, ಒಳ್ಳೆಯ ಮಳೆಯ ವರ್ಷದಲ್ಲಿಯೂ ಬರದ ವರ್ಷದಲ್ಲಿಯೂ ಬೆಳೆದು ನೋಡದೆ ರೈತರಿಗೆ ಶಿಫಾರಸು ಮಾಡುವುದಿಲ್ಲವಲ್ಲ, ಅದೇ ಎಚ್ಚರ ಇಲ್ಲಿಯೂ ಬೇಕು. ವರ್ಷಗಳು ಹಿಡಿಯಲು ಅದೊಂದು ನ್ಯಾಯವಾದ ಕಾರಣ, ಏಕೆಂದರೆ ಚಳಿಗಾಲದ ಪರೀಕ್ಷೆಗೆ ಚಳಿಗಾಲವೇ ಬರಬೇಕು.

ಪರೀಕ್ಷೆಯ ಅಂಕಿಗಳನ್ನು ಓದುವುದೂ ಒಂದು ವಿದ್ಯೆ. ಗುಂಡು ಹಾರದೆ ರೈಫಲ್ ನಿಂತುಬಿಡುವುದಕ್ಕೆ ಸ್ಟಾಪೇಜ್ ಎನ್ನುತ್ತಾರೆ. ಸೈನಿಕನೇ 10 ಸೆಕೆಂಡಿನೊಳಗೆ ಸರಿಪಡಿಸಿಕೊಳ್ಳಬಲ್ಲದ್ದು ಒಂದು ವರ್ಗ, ಅದಕ್ಕಿಂತ ಹೆಚ್ಚು ಹೊತ್ತು ಬೇಕಾದದ್ದು ಇನ್ನೊಂದು, ಆರ್ಮರರ್ ಬಳಿಗೆ ತರಲೇಬೇಕಾದದ್ದು ಮೂರನೆಯದು. 2007ರಲ್ಲಿ ಅಮೆರಿಕದ ಅಬರ್ಡೀನ್ ಪರೀಕ್ಷಾ ಕೇಂದ್ರದಲ್ಲಿ ನಾಲ್ಕು ಮಾದರಿಗಳ ತಲಾ 10 ರೈಫಲ್‌ಗಳಿಂದ, ಪ್ರತಿಯೊಂದಕ್ಕೂ 6,000 ಗುಂಡುಗಳಂತೆ, ಜೋಳದ ರಾಶಿ ಮಾಡುವಾಗ ಏಳುವ ದೂಳನ್ನೂ ಮೀರಿಸುವ ದಟ್ಟ ದೂಳಿನಲ್ಲಿ ಗುಂಡು ಹಾರಿಸಿದರು. ಸೇವೆಯಲ್ಲಿದ್ದ ಎಂ-4 ಒಟ್ಟು 60,000 ಗುಂಡುಗಳಲ್ಲಿ 882 ಸಲ ನಿಂತಿತು. ಹೆಕ್ಲರ್ ಆ್ಯಂಡ್ ಕಾಖ್‌ನ ಎಚ್‌ಕೆ-416 ಮಾದರಿ 233 ಸಲ, ಎಫ್‌ಎನ್‌ನ ಸ್ಕಾರ್ 226 ಸಲ, ಎಕ್ಸ್‌ಎಂ-8 ಎಂಬುದು ಬರೀ 127 ಸಲ ನಿಂತವು. ಇದೇ ಅಂಕಿಯನ್ನು ಎರಡು ರೀತಿ ಹೇಳಬಹುದು. ಎಂ-4ರ ಗುಂಡುಗಳಲ್ಲಿ ನೂರಕ್ಕೆ 98.5ರಷ್ಟು ಸರಿಯಾಗಿಯೇ ಹಾರಿದವು ಎಂದರೆ ಕೇಳುವವರಿಗೆ ಸಮಾಧಾನವಾಗುತ್ತದೆ. ಅದೇ ರೈಫಲ್ ಸರಾಸರಿ 68 ಗುಂಡುಗಳಿಗೊಮ್ಮೆ ನಿಂತಿತು, ಅಂದರೆ 210 ಗುಂಡು ಹೊತ್ತ ಸೈನಿಕನಿಗೆ ಆ ದೂಳಿನಲ್ಲಿ ಮೂರು ಸಲ ಕೈಕೊಟ್ಟಂತೆ ಎಂದರೆ ಎದೆ ನಡುಗುತ್ತದೆ. ಎಕ್ಸ್‌ಎಂ-8ರ ಲೆಕ್ಕ ಇದೇ ರೀತಿಯಲ್ಲಿ 472 ಗುಂಡುಗಳಿಗೊಮ್ಮೆ.

ಆದರೆ ನನ್ನಂಥವರು ಗಮನಿಸುವ ಸಂಗತಿ ಬೇರೆ. ಅದೇ ವರ್ಷದ ಬೇಸಿಗೆಯಲ್ಲಿ ನಡೆದ ಇದೇ ಬಗೆಯ ಪರೀಕ್ಷೆಯಲ್ಲಿ ಎಂ-4 ಸುಮಾರು 300 ಸಲ ಮಾತ್ರ ನಿಂತಿತ್ತು. ಒಂದೇ ಮಾದರಿ, ಒಂದೇ ವಿಧಾನ, ಕೆಲವು ತಿಂಗಳ ಅಂತರ, ಫಲಿತಾಂಶ ಮಾತ್ರ ಮೂರು ಪಟ್ಟು ಬೇರೆ! 882ರಲ್ಲಿ ಸುಮಾರು ಕಾಲು ಭಾಗ ಮ್ಯಾಗಜಿನ್‌ನಿಂದ ಆದ ತೊಂದರೆಯೆಂದೂ ದಾಖಲಾಗಿದೆ. ಇದು ನನಗೆ ಆಶ್ಚರ್ಯವಲ್ಲ. ನಾನು ಎತ್ತರದ ಪ್ರದೇಶದಲ್ಲಿದ್ದಾಗ ಒಬ್ಬ ಜವಾನನ ರೈಫಲ್ ಒಂದೇ ವಾರದಲ್ಲಿ ಮೂರು ಸಲ ನನ್ನ ಮೇಜಿಗೆ ಬಂದಿತ್ತು. ಬಿಚ್ಚಿ ಅಳೆದರೆ ಎಲ್ಲಿಯೂ ದೋಷವಿಲ್ಲ. ಕೊನೆಗೆ ಅವನ ಪೌಚಿನಲ್ಲಿದ್ದ ಮ್ಯಾಗಜಿನ್‌ಗಳನ್ನೆಲ್ಲ ತರಿಸಿ ನೋಡಿದಾಗ, ಒಂದರ ಬಾಯಿಯ ತುಟಿ ಕೂದಲೆಳೆಯಷ್ಟು ಬಾಗಿತ್ತು; ಕಾಡತೂಸು ಮೂಗು ಮೇಲೆತ್ತಿ ಚೇಂಬರ್‌ನ ಅಂಚಿಗೆ ಬಡಿಯುತ್ತಿತ್ತು. ರಿಜಿಸ್ಟರಿನಲ್ಲಿ ಮಾತ್ರ ಮೂರು ಸಲವೂ ರೈಫಲ್‌ನ ದೋಷ ಎಂದೇ ಬರೆದಿದ್ದರು. ಅಂದಿನಿಂದ ನಾನು ಪ್ರತಿ ಮ್ಯಾಗಜಿನ್‌ಗೂ ಬಣ್ಣದಲ್ಲಿ ಅಂಕಿ ಬರೆಸುತ್ತಿದ್ದೆ. ಮ್ಯಾಗಜಿನ್, ಗುಂಡು, ಎಣ್ಣೆ, ಶುಚಿಮಾಡುವ ವಿಧಾನ ಇವನ್ನು ಬೇರೆಬೇರೆಯಾಗಿ ಲೆಕ್ಕ ಇಡದ ಸ್ಪರ್ಧೆಯ ಫಲಿತಾಂಶವನ್ನು ನಂಬುವುದು ನನಗೆ ಕಷ್ಟ.

ನಂಬಿಕೆಯ ಮಟ್ಟವನ್ನು ಕಾಗದದ ಮೇಲೆ ಎಷ್ಟಾದರೂ ಎತ್ತರಿಸಬಹುದು. ಅಮೆರಿಕ ಎಂ-4ಕ್ಕೆ ಬದಲಿ ಹುಡುಕಲು 2010ರ ನಂತರ ನಡೆಸಿದ ಸ್ಪರ್ಧೆಯಲ್ಲಿ ಎರಡು ಸ್ಟಾಪೇಜ್‌ಗಳ ನಡುವೆ ಸರಾಸರಿ 3,592 ಗುಂಡುಗಳಾದರೂ ಹಾರಬೇಕೆಂಬ ಷರತ್ತಿತ್ತು. ಅಷ್ಟನ್ನು ನೂರಕ್ಕೆ 90ರ ಭರವಸೆಯಿಂದ ಸಾಬೀತುಮಾಡಲು, ಗಣಿತದ ಪ್ರಕಾರ, ಒಂದು ಸಲವೂ ನಿಲ್ಲದೆ ಸುಮಾರು 8,270 ಗುಂಡು ಹಾರಿಸಬೇಕಾಗುತ್ತದೆ. ನಡುವೆ ಒಮ್ಮೆ ನಿಂತರೂ ಲೆಕ್ಕ ಇನ್ನೂ ಮೇಲಕ್ಕೆ ಹೋಗುತ್ತದೆ. 2013ರ ಜೂನ್‌ನಲ್ಲಿ ಆ ಸ್ಪರ್ಧೆ ಯಾರನ್ನೂ ಗೆಲ್ಲಿಸದೆ ಮುಗಿಯಿತು, ಆ ವೇಳೆಗೆ ಬಳಕೆಗೆ ಬಂದಿದ್ದ ಹೊಸ ಬಗೆಯ ಗುಂಡು ಫಲಿತಾಂಶದ ಮೇಲೆ ಪರಿಣಾಮ ಬೀರಿರಬಹುದೆಂದು ಸೇನೆಯೇ ಹೇಳಿತು. ಅದಕ್ಕೂ ಮೊದಲು, 1986ರಿಂದ 1990ರವರೆಗೆ, ಗುರಿ ತಾಗುವ ಸಾಧ್ಯತೆ ಎಂ-16ಎ2ರ ಎರಡು ಪಟ್ಟಾಗಬೇಕೆಂದು ನಾಲ್ಕು ವಿಚಿತ್ರ ವಿನ್ಯಾಸಗಳನ್ನು ಪರೀಕ್ಷಿಸಿದ್ದರು. ಎರಡರಲ್ಲಿ ಬಾಣದಂಥ ಮೊಳೆ, ಇನ್ನೊಂದರಲ್ಲಿ ಕೇಸೇ ಇಲ್ಲದ ಕಾಡತೂಸು. ಭಯಗೊಂಡ ಮನುಷ್ಯನ ಕೈನಡುಕವನ್ನು ಯಾವ ವಿನ್ಯಾಸವೂ ಅಷ್ಟೊಂದು ಸರಿಪಡಿಸಲಾರದಾಯಿತು.

ನಮ್ಮ ಎಸ್‌ಎಲ್‌ಆರ್‌ನ ಮೂಲವಾದ ಬೆಲ್ಜಿಯಂನ ಎಫ್‌ಎನ್ ಫಾಲ್ ಕೂಡ ಒಂದು ದೊಡ್ಡ ಸ್ಪರ್ಧೆಯಲ್ಲಿ ಸೋತದ್ದು ಎಂದರೆ ಹಳೆಯ ಜವಾನರಿಗೆ ಅಚ್ಚರಿಯಾದೀತು. 1950ರ ದಶಕದಲ್ಲಿ ಅಮೆರಿಕ ಅದನ್ನು ಟಿ-48 ಎಂಬ ಹೆಸರಿನಲ್ಲಿಯೂ ತನ್ನದೇ ವಿನ್ಯಾಸವನ್ನು ಟಿ-44 ಎಂಬ ಹೆಸರಿನಲ್ಲಿಯೂ ಎದುರುಬದುರು ನಿಲ್ಲಿಸಿತು. ಮೊದಲ ಸುತ್ತುಗಳಲ್ಲಿ ಫಾಲ್ ಮುಂದಿತ್ತು. 1953-54ರ ಚಳಿಗಾಲದಲ್ಲಿ ಅಲಾಸ್ಕಾದಲ್ಲಿ ನಡೆದ ಪರೀಕ್ಷೆಗೆ ಮುಂಚೆ ಟಿ-44 ಅನ್ನು ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ಚಳಿಗೆಂದೇ ವಾರಗಟ್ಟಲೆ ಸಿದ್ಧಪಡಿಸಿದ್ದರು, ಫಾಲ್‌ಗೆ ಅಂಥ ತಯಾರಿ ಇರಲಿಲ್ಲ. ಹಿಮದಲ್ಲಿ ಫಾಲ್ ಮುಗ್ಗರಿಸಿತು, ಟಿ-44 ಪಂದ್ಯಕ್ಕೆ ಮರಳಿತು. ಕೊನೆಗೆ ಎರಡೂ ಸೇವೆಗೆ ಯೋಗ್ಯ ಎಂದಾದಾಗ, ಸ್ವಲ್ಪ ಹಗುರ, ಹಳೆಯ ಗ್ಯಾರಂಡ್ ರೈಫಲ್‌ಗೆ ಹತ್ತಿರ, ತಮ್ಮದೇ ವಿನ್ಯಾಸ ಎಂಬ ಕಾರಣಗಳಿಂದ 1957ರಲ್ಲಿ ಟಿ-44 ಅನ್ನೇ ಎಂ-14 ಎಂದು ಸ್ವೀಕರಿಸಿದರು. ಏಳು ವರ್ಷಗಳೊಳಗೆ ಅದರ ತಯಾರಿಕೆ ನಿಂತಿತು. ಸೋತ ಫಾಲ್ 90ಕ್ಕೂ ಹೆಚ್ಚು ದೇಶಗಳ ಸೇನೆಗಳಿಗೆ ಹೋಯಿತು; .303 ರೈಫಲ್‌ನಲ್ಲಿ ಒಂದೊಂದೇ ಗುಂಡಿಗೆ ಬೋಲ್ಟ್ ಎಳೆಯುತ್ತ 1962ರ ಯುದ್ಧ ಎದುರಿಸಿದ್ದ ನಮ್ಮ ಪದಾತಿ ದಳಕ್ಕೆ ಪಶ್ಚಿಮ ಬಂಗಾಳದ ಇಛಾಪುರ ಕಾರ್ಖಾನೆಯಲ್ಲಿ ತಯಾರಾದ ಅದರ ರೂಪ ಮೂರು ದಶಕ ಆಸರೆಯಾಯಿತು. ಅದರ 4 ಕಿಲೋ ದಾಟಿದ ಭಾರವನ್ನು ಹೊತ್ತವರು ಈಗಲೂ ಅದನ್ನು ಗೌರವದಿಂದ ನೆನೆಯುತ್ತಾರೆ, ನಾನೂ ಅವರಲ್ಲೊಬ್ಬ.

ಇನ್ನು ನಮ್ಮ ಕಥೆ. ಇನ್ಸಾಸ್ ಅನ್ನು ಪುಣೆಯ ಸರ್ಕಾರಿ ಶಸ್ತ್ರ ಸಂಶೋಧನಾ ಸಂಸ್ಥೆ ಎ.ಆರ್.ಡಿ.ಇ. ವಿನ್ಯಾಸಗೊಳಿಸಿತು; ಬಹಿರಂಗ ಸ್ಪರ್ಧೆಯಲ್ಲಿ ಗೆದ್ದು ಬಂದದ್ದಲ್ಲ. 7.62 ಎಂಎಂ ಎಸ್‌ಎಲ್‌ಆರ್ ಕಾಡತೂಸು ಸುಮಾರು 24 ಗ್ರಾಂ ತೂಗಿದರೆ 5.56 ಎಂಎಂ ಇನ್ಸಾಸ್‌ನದು ಸುಮಾರು 12 ಗ್ರಾಂ. ಹೊರುವ ಹೆಗಲಿಗೆ ಅದು ನಿಜವಾದ ಲಾಭ. ಆದರೆ ಕಾರ್ಗಿಲ್‌ನ ಚಳಿಯಲ್ಲಿ ಮ್ಯಾಗಜಿನ್ ಒಡೆದದ್ದು, ಬೋಲ್ಟಿನ ಕಡೆಯಿಂದ ಎಣ್ಣೆ ಕಣ್ಣಿಗೆ ಸಿಡಿದದ್ದು ದಾಖಲಾಗಿವೆ. ಹಲವು ದೋಷಗಳನ್ನು ಮುಂದೆ ತಿದ್ದಿದರೂ ಬದಲಿ ಬೇಕೆಂಬ ಮಾತು ಬೆಳೆಯಿತು. 2011ರಲ್ಲಿ ಹೊರಬಿದ್ದ ಟೆಂಡರ್ ಒಂದೇ ರೈಫಲ್‌ನಲ್ಲಿ ಎರಡು ಬ್ಯಾರೆಲ್ ಕೇಳಿತು. ಯುದ್ಧಕ್ಕೆ 5.56×45 (ಗುಂಡಿನ ವ್ಯಾಸ × ಕೇಸಿನ ಉದ್ದ, ಮಿಲಿಮೀಟರ್‌ಗಳಲ್ಲಿ), ಭಯೋತ್ಪಾದಕರನ್ನು ಹತ್ತಿರದಿಂದ ಎದುರಿಸಲು ಎ.ಕೆ.ಯ 7.62×39, ಬೇಕಾದಾಗ ಸೈನಿಕನೇ ಬದಲಿಸಿಕೊಳ್ಳಬೇಕು, ತೂಕ 3.6 ಕಿಲೋ ಮೀರಬಾರದು.

ಕೇಳಲು ಇದು ಬಹಳ ಜಾಣತನದ ಬೇಡಿಕೆಯಂತಿದೆ. ಮೇಜಿನ ಮೇಲೆ ಬಿಚ್ಚಿ ನೋಡಿದವನಿಗೆ ಮಾತ್ರ ತೊಡಕು ಕಾಣುತ್ತದೆ. 5.56 ಕಾಡತೂಸಿನ ತಳದ ವ್ಯಾಸ 9.6 ಮಿಲಿಮೀಟರ್, 7.62×39ರದು 11.35. ಆದ್ದರಿಂದ ಬ್ಯಾರೆಲ್ ಒಂದನ್ನೇ ಬದಲಿಸಿದರೆ ಸಾಲದು, ಕಾಡತೂಸಿನ ತಳವನ್ನು ಹಿಡಿಯುವ ಬೋಲ್ಟನ್ನೂ ಬದಲಿಸಬೇಕು. ಎ.ಕೆ. ಕಾಡತೂಸು ಮೂತಿಯ ಕಡೆಗೆ ಸಾಕಷ್ಟು ಕಿರಿದಾಗುವುದರಿಂದ ಅದರ ಮ್ಯಾಗಜಿನ್ ಬಾಳೆಕಾಯಿಯಂತೆ ಬಾಗಿರಲೇಬೇಕು, ಹೀಗಾಗಿ ಮ್ಯಾಗಜಿನ್‌ಗಳೂ ಬೇರೆ. ಬ್ಯಾರೆಲ್ ಬದಲಿಸಿದ ಮೇಲೆ ಗುರಿ ಸರಿಯುತ್ತದೆ, ಮತ್ತೆ ಜೀರೋಯಿಂಗ್, ಎಂದರೆ ಗುರಿ ಹೊಂದಿಸುವ ಕೆಲಸ, ಮಾಡಬೇಕು, ಅದಕ್ಕೆ ಚಾಂದಮಾರಿ ಬೇಕು. ಇಷ್ಟನ್ನೂ ಹೊತ್ತುಕೊಂಡು, ಬೆಟ್ಟದ ಮೇಲೆ, ಕತ್ತಲಲ್ಲಿ ಯಾವ ಜವಾನ ಮಾಡಿಯಾನು? 40ಕ್ಕೂ ಹೆಚ್ಚು ಕಂಪನಿಗಳಿಗೆ ಹೋದ ಆ ಟೆಂಡರ್‌ನಲ್ಲಿ ಅಂತಿಮವಾಗಿ ಅಮೆರಿಕ, ಇಟಲಿ, ಜೆಕ್, ಇಸ್ರೇಲ್ ದೇಶಗಳ ರೈಫಲ್‌ಗಳು ಪರೀಕ್ಷೆಗೆ ಉಳಿದವು. ಯಾವುದೂ ಪಟ್ಟಿಯನ್ನೆಲ್ಲ ಪೂರೈಸಲಿಲ್ಲ. 2015ರ ಜೂನ್‌ನಲ್ಲಿ ಅದನ್ನು ರದ್ದು ಮಾಡಿದರು. ಆ ನಾಲ್ಕೂ ತಮ್ಮ ತಮ್ಮ ದಾರಿಯಲ್ಲಿ ಕೆಟ್ಟ ರೈಫಲ್‌ಗಳಾಗಿರಲಿಲ್ಲ.

ನಮ್ಮ ಖರೀದಿ ಕ್ರಮದ ಒಂದು ಬಿಗಿತವನ್ನೂ ಇಲ್ಲಿ ಹೇಳಬೇಕು. ಕಂಪನಿಗಳು ತಮ್ಮ ಖರ್ಚಿನಲ್ಲಿ ಮಾದರಿಗಳನ್ನು ತಂದು ಪರೀಕ್ಷೆಗೆ ಕೊಡುತ್ತವೆ, ಸೇನೆ ಯಾವ ಭರವಸೆಯನ್ನೂ ಕೊಟ್ಟಿರುವುದಿಲ್ಲ. ಟೆಂಡರಿನಲ್ಲಿ ಕಡ್ಡಾಯ ಎಂದು ಬರೆದ ಒಂದು ಅಂಶದಲ್ಲಿ ಸೋತರೂ ರೈಫಲ್ ಹೊರಗೆ. ತೇರ್ಗಡೆಯಾದವುಗಳಲ್ಲಿ ಕಡಿಮೆ ಬೆಲೆಯದು, ಎಂದರೆ ಎಲ್-1, ಗೆಲ್ಲುತ್ತದೆ; ಸ್ವಲ್ಪ ಹೆಚ್ಚು ಬೆಲೆಗೆ ಬಹಳ ಉತ್ತಮವಾದದ್ದಿದ್ದರೂ ಸಾಮಾನ್ಯವಾಗಿ ಅದಕ್ಕೆ ಅವಕಾಶವಿಲ್ಲ. ಸಾರ್ವಜನಿಕ ಹಣದ ವಿಷಯವಾದ್ದರಿಂದ ಈ ಬಿಗಿ ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಹೋಲಿಕೆಗೆ 1947ರ ಸೋವಿಯತ್ ಸ್ಪರ್ಧೆಯನ್ನು ನೋಡಿ. ಅಂತಿಮ ಹಂತದಲ್ಲಿದ್ದ ಬುಲ್ಕಿನ್, ದೆಮೆಂತ್ಯೆವ್, ಕಲಾಶ್ನಿಕೋವ್ ಮೂವರ ಮಾದರಿಗಳೂ ಷರತ್ತುಗಳನ್ನು ಪೂರೈಸಿರಲಿಲ್ಲ. ಆಯೋಗ ಸ್ಪರ್ಧೆಯನ್ನು ರದ್ದು ಮಾಡದೆ, ತಿದ್ದಿ ತನ್ನಿ ಎಂದು ಹಿಂದಕ್ಕೆ ಕಳುಹಿಸಿತು. ಕಲಾಶ್ನಿಕೋವ್ ಕೊವ್ರೋವ್ ಕಾರ್ಖಾನೆಯಲ್ಲಿ ಸಹೋದ್ಯೋಗಿ ಜೈತ್ಸೆವ್ ಜೊತೆ ಕುಳಿತು ತನ್ನ ರೈಫಲ್ ಅನ್ನು ಬಹುತೇಕ ಹೊಸದಾಗಿಯೇ ಮಾಡಿದ. ಕೊನೆಯ ಸುತ್ತಿನಲ್ಲಿಯೂ ಸತತ ಗುಂಡಿನ ನಿಖರತೆಯ ಷರತ್ತನ್ನು ಅದು ಪೂರೈಸಲಿಲ್ಲ. ಆದರೂ ಇದು ನಿಲ್ಲದೆ ಓಡುತ್ತದೆ, ನಿಖರತೆಯನ್ನು ಆಮೇಲೆ ಸುಧಾರಿಸೋಣ ಎಂದು ತೀರ್ಮಾನಿಸಿ 1949ರಲ್ಲಿ ಸೇವೆಗೆ ಸೇರಿಸಿದರು. ನಮ್ಮ 2015ರ ನಿಯಮ ಅಲ್ಲಿದ್ದಿದ್ದರೆ ಎ.ಕೆ.-47 ಎಂಬ ರೈಫಲ್ಲೇ ಇರುತ್ತಿರಲಿಲ್ಲ. ಯಾವ ಷರತ್ತು ಪ್ರಾಣಕ್ಕೆ ಸಂಬಂಧಿಸಿದ್ದು, ಯಾವುದು ಇದ್ದರೆ ಒಳ್ಳೆಯದು ಎಂಬ ಭೇದವನ್ನು ಪಟ್ಟಿಯಲ್ಲೇ ಬರೆಯಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ರದ್ದಾದ ಮೇಲೆ ಸೇನೆ ಮತ್ತೆ ದೊಡ್ಡ ಕಾಡತೂಸಿನ ಕಡೆಗೆ, 7.62×51ಕ್ಕೆ ತಿರುಗಿತು. ಇಛಾಪುರದ ಕಾರ್ಖಾನೆ ಮಾಡಿದ ಮಾದರಿ 2017ರ ಪರೀಕ್ಷೆಯಲ್ಲಿ ಒಪ್ಪಿಗೆ ಪಡೆಯಲಿಲ್ಲ. ಗಡಿಯಲ್ಲಿರುವವರು ಕಾಯುವಂತಿರಲಿಲ್ಲವಾದ್ದರಿಂದ 2019ರ ಫೆಬ್ರುವರಿಯಲ್ಲಿ ಶೀಘ್ರ ಖರೀದಿಯ ದಾರಿಯಿಂದ 72,400 ಸಿಗ್-716 ರೈಫಲ್‌ಗಳನ್ನು ಅಮೆರಿಕದಿಂದ ಕೊಂಡರು. ಅವುಗಳಲ್ಲಿ 66,400 ಭೂಸೇನೆಗೆ, ಉಳಿದವು ನೌಕಾಪಡೆ ಮತ್ತು ವಾಯುಪಡೆಗೆ. ಉಳಿದ ಬಹುಸಂಖ್ಯೆಯ ಸೈನಿಕರಿಗಾಗಿ ಉತ್ತರ ಪ್ರದೇಶದ ಅಮೇಠಿಯ ಕೊರ್ವಾದಲ್ಲಿ ರಷ್ಯಾದ ಜೊತೆಗೂಡಿ ಎ.ಕೆ.-203 ತಯಾರಿಸುವುದೆಂದಾಯಿತು. 2019ರ ಮಾರ್ಚ್‌ನಲ್ಲಿ ಉದ್ಘಾಟನೆಯಾದರೂ 6,01,427 ರೈಫಲ್‌ಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2021ರ ಡಿಸೆಂಬರ್‌ನಲ್ಲಿ; 2024ರ ಜುಲೈ ಹೊತ್ತಿಗೆ 35,000 ರೈಫಲ್‌ಗಳು ಸೇನೆಗೆ ಸಂದಿದ್ದವು. ನಿಮ್ಮ ಮಗನ ಕೈಯಲ್ಲಿರುವುದು ಇವೆರಡರಲ್ಲಿ ಒಂದಾಗಿರಬಹುದು. ಗಮನಿಸಿ, 2011ರಲ್ಲಿ ಒಂದೇ ರೈಫಲ್ ಎರಡೂ ಕೆಲಸ ಮಾಡಬೇಕೆಂದು ಕೇಳಿದ್ದ ಸೇನೆ, ಕೊನೆಗೆ ಎರಡು ಕೆಲಸಕ್ಕೆ ಎರಡು ರೈಫಲ್ ಎಂಬ ಸರಳ ಉತ್ತರಕ್ಕೇ ಬಂದಿತು. ದೂರದ ಬೆಟ್ಟಕ್ಕೆ ಭಾರದ ಗುಂಡು, ಹತ್ತಿರದ ಕಾದಾಟಕ್ಕೆ ಎ.ಕೆ. ಇದು ಸರಿಯೆಂದೇ ನನ್ನ ಎಣಿಕೆ. ಮೊದಲೇ ಹೀಗೆ ಬರೆದಿದ್ದರೆ ಹಲವು ವರ್ಷ ಉಳಿಯುತ್ತಿತ್ತು ಎಂಬ ಬೇಸರವೂ ಇದೆ. ಈ ನಡುವೆ ಎ.ಆರ್.ಡಿ.ಇ. ಹೈದರಾಬಾದಿನ ಖಾಸಗಿ ಕಂಪನಿಯೊಂದರ ಜೊತೆ ಮಾಡಿದ 7.62×51ರ ‘ಉಗ್ರಂ’ 2024ರ ಜನವರಿಯಲ್ಲಿ ಹೊರಬಂದಿದೆ. ಮುಂದಿನ ಸ್ಪರ್ಧೆಗಳಲ್ಲಿ ಇಂಥ ಸ್ವದೇಶಿ ಹೆಸರುಗಳು ಹೆಚ್ಚಾಗಿ ಕಾಣಲಿವೆ.

ಗೆದ್ದ ಮೇಲೂ ಕಥೆ ಮುಗಿಯುವುದಿಲ್ಲ. ಪರೀಕ್ಷೆಗಳಲ್ಲಿ ಚೆನ್ನಾಗಿ ನಡೆದಿದ್ದ ಎಂ-16 ವಿಯೆಟ್ನಾಂಗೆ ಹೋಗುವ ವೇಳೆಗೆ ಅದರ ಗುಂಡಿನ ಮದ್ದನ್ನು ಬದಲಿಸಿದ್ದರು, ಚೇಂಬರ್‌ಗೆ ಕ್ರೋಮ್ ಲೇಪಿಸಿರಲಿಲ್ಲ, ಶುಚಿಮಾಡುವ ಸಾಮಾನು ಬೇಕಾದಷ್ಟು ಕೊಟ್ಟಿರಲಿಲ್ಲ. ಬಿಚ್ಚಿಟ್ಟ ರೈಫಲ್‌ನ ಪಕ್ಕದಲ್ಲೇ ಸತ್ತ ಸೈನಿಕರ ಸುದ್ದಿ ಬಂದು 1967ರಲ್ಲಿ ಸಂಸತ್ತಿನ ಸಮಿತಿ ವಿಚಾರಣೆ ನಡೆಸಬೇಕಾಯಿತು. ಪರೀಕ್ಷೆಯಾದದ್ದು ರೈಫಲ್ ಮತ್ತು ಗುಂಡಿನ ಒಂದು ಜೋಡಿ, ಯುದ್ಧಕ್ಕೆ ಹೋದದ್ದು ಇನ್ನೊಂದು ಜೋಡಿ. ಜರ್ಮನಿಯಲ್ಲಿ 2020ರಲ್ಲಿ ಹೆನೆಲ್ ಕಂಪನಿಯ ರೈಫಲ್ ಗೆದ್ದಿತೆಂದು ಸಾರಿದ ಮರುತಿಂಗಳೇ, ನೀರಿನಿಂದ ಮೇಲೆತ್ತಿದ ಕೂಡಲೇ ನೀರು ಬಸಿದುಹೋಗುವ ರಂಧ್ರಗಳ ಪೇಟೆಂಟ್ ತಕರಾರಿನಿಂದ ತೀರ್ಮಾನ ಹಿಂದಕ್ಕೆ ಹೋಗಿ, 2021ರಲ್ಲಿ ಹೆಕ್ಲರ್ ಆ್ಯಂಡ್ ಕಾಖ್‌ಗೆ ಒಲಿಯಿತು. ಅಮೆರಿಕದಲ್ಲಿ 2022ರ ಏಪ್ರಿಲ್‌ನಲ್ಲಿ ಸಿಗ್ ಗೆದ್ದ 6.8 ಎಂಎಂ ರೈಫಲ್ ರಕ್ಷಾಕವಚಗಳನ್ನು ಭೇದಿಸಬೇಕೆಂಬ ಹೊಸ ಪಟ್ಟಿಗೆ ತಕ್ಕದ್ದು. ಅದಕ್ಕೆ ತೆರುವ ಬೆಲೆಯೆಂದರೆ ಸೈನಿಕ ಹೊರುವ ಗುಂಡು 210ರಿಂದ 140ಕ್ಕೆ ಇಳಿದದ್ದು. ಆ ಪಟ್ಟಿ ಸರಿಯೋ ತಪ್ಪೋ ಎಂಬುದನ್ನು ಯಾವ ಚಾಂದಮಾರಿಯೂ ಹೇಳಲಾರದು.

ಮುಂದಿನ ಸಲ ಇಂಥ ಸುದ್ದಿ ಓದುವಾಗ ಯಾವ ಕಂಪನಿ ಗೆದ್ದಿತು ಎಂಬುದಕ್ಕಿಂತ ಮೊದಲು, ಎಷ್ಟು ರೈಫಲ್‌ಗಳನ್ನು ಎಷ್ಟು ಗುಂಡುಗಳಿಂದ ಪರೀಕ್ಷಿಸಿದರು, ಸೇನೆ ನಿತ್ಯ ಬಳಸುವ ಗುಂಡುಗಳನ್ನೇ ಹಾರಿಸಿದರೋ, ಸೋತ ಕಂಪನಿಗೆ ತಿದ್ದಿಕೊಳ್ಳಲು ಸಮಯ ಕೊಟ್ಟರೋ ಎಂದು ಹುಡುಕಿ. ಮಗ ರಜೆಗೆ ಬಂದಾಗ ಅವನು ಎಲ್ಲಿದ್ದಾನೆ, ಏನು ಮಾಡುತ್ತಾನೆ ಎಂದು ಕೇಳಬೇಡಿ, ಅದನ್ನು ಅವನು ಹೇಳಲೂಬಾರದು. ಆದರೆ ಒಂದು ಮಾತು ಅವನಿಗೆ ಮುಟ್ಟಿಸಿ: ರೈಫಲ್ ನಿಂತಾಗಲೆಲ್ಲ ಜಾಡಿಸಿ ಮುಂದೆ ಹೋಗಿಬಿಡದೆ, ಮರಳಿ ಬಂದ ಮೇಲೆ ಆರ್ಮರರ್‌ಗೆ ಹೇಳಿ ದೋಷದ ರಿಜಿಸ್ಟರಿನಲ್ಲಿ ಬರೆಸಲಿ, ಯಾವ ಮ್ಯಾಗಜಿನ್, ಯಾವ ಲಾಟ್‌ನ ಗುಂಡು, ಎಷ್ಟು ಚಳಿಯಿತ್ತು ಎಂಬುದರ ಸಮೇತ. ಮುಂದಿನ ಕ್ಯು.ಆರ್. ಬರೆಯಲು ಕೂರುವವರ ಮುಂದೆ ಹೋಗುವ ಕಾಗದಗಳಲ್ಲಿ ಅಂಥ ರಿಜಿಸ್ಟರುಗಳ ಸಾಲುಗಳೂ ಇರುತ್ತವೆ.